ತುತ್ತಿನ ಸರದಿ

ಬಡ್ಜಿ ಮರಿ ಉಂಡಿದೆಯೋ ಉಪವಾಸವಿದೆಯೋ ತಿಳಿಯಲು ಅದರ ಕುತ್ತಿಗೆಯ ಬುಡ ನೋಡಿದರೆ ಸಾಕು. ಪುಕ್ಕ ಬಾರದ ಮರಿಯ ಚರ್ಮ ಬಹಳ ತೆಳು. ವಾರ ದಾಟಿದ ಮರಿಯಾದರೆ ಎದೆಯ ಮೇಲಿನ ಪುಟ್ಟ ಚೀಲದಲ್ಲಿ ನವಣೆ ಕಾಳುಗಳು ಒಂದೊಂದಾಗಿ ಕಾಣುತ್ತವೆ. ಸಾಕುವವರ ಬಾಯಲ್ಲಿ ಇದು ಕ್ರಾಪ್. ತುಂಬಿದ್ದರೆ ಮೆತ್ತಗೆ ಉಬ್ಬಿರುತ್ತದೆ, ಖಾಲಿಯಿದ್ದರೆ ಚರ್ಮ ಸುಕ್ಕಾಗಿ ಜೋತುಬಿದ್ದಿರುತ್ತದೆ. ಸಂಜೆ ಹಕ್ಕಿಗಳು ಮಲಗುವ ಮುಂಚೆ ಪಂಜರಕ್ಕೆ ಕಟ್ಟಿದ ಮಡಕೆಯೊಳಗೆ ಕೈಯಿಟ್ಟು, ಬೆಚ್ಚಗಿನ ಮರಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಈ ಚೀಲ ನೋಡುವುದು ನನಗೆ ಬಲು ಇಷ್ಟದ ಕೆಲಸ. ಇಡೀ ದಿನದಲ್ಲಿ ನಾನು ಇಷ್ಟು ಗಮನವಿಟ್ಟು ನೋಡುವ ವಸ್ತು ಇನ್ನೊಂದಿಲ್ಲ.

ನೋಡಲೇಬೇಕಾದ ಕಾರಣವೂ ಇದೆ. ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಈ ಹಕ್ಕಿ ದಿನ ಬಿಟ್ಟು ದಿನ ಮೊಟ್ಟೆಯಿಡುತ್ತದೆ, ಸಾಮಾನ್ಯವಾಗಿ 4ರಿಂದ 6. ಎಲ್ಲ ಇಟ್ಟು ಮುಗಿಯುವ ಮೊದಲೇ ಕಾವಿಗೆ ಕೂರುವುದರಿಂದ, 18 ದಿನ ಕಳೆದ ಮೇಲೆ ಮರಿಗಳು ಹೊರಬರುವುದೂ ದಿನ ಬಿಟ್ಟು ದಿನವೇ. ಆರು ಮರಿಗಳ ಗೂಡಿನಲ್ಲಿ ಹಿರಿಯದು ಕಣ್ಣು ಬಿಡುವ ಹೊತ್ತಿಗೆ ಕಿರಿಯದು ಆಗಷ್ಟೇ ಚಿಪ್ಪಿನಿಂದ ಹೊರಬಿದ್ದಿರುತ್ತದೆ. ಅಣ್ಣಂದಿರ ಕಾಲಡಿ ಹೂತುಹೋದ ಆ ಚಿಕ್ಕದರ ಪಾಲಿಗೆ ತುತ್ತು ಬಂತೇ ಎಂಬುದೇ ನನ್ನ ಚಿಂತೆ. ಒಳ್ಳೆಯ ತಾಯಿಯಾದರೆ ಚಿಂತೆಯಿಲ್ಲ. ಅಂಗಾತ ಮಲಗಿದ ಎಳೆಮರಿಯ ಬಾಯಿಗೆ ಬಾಯಿ ಕೊಟ್ಟು, ತನ್ನ ಜಠರದಲ್ಲಿ ಊರಿದ ಹಾಲಿನಂಥ ದ್ರವವನ್ನು ಇಳಿಸುತ್ತದೆ. ತುಸು ಬೆಳೆದವಕ್ಕೆ ನೆನೆದ ಕಾಳು. ಆ ತಾಯಿಗೆ ಉಣಿಸಲು ಗಂಡು ಮಡಕೆಯ ಬಾಯಿಗೆ ಬಂದುಹೋಗುತ್ತಿರುತ್ತದೆ.

ಕೆಲವೊಮ್ಮೆ ತಾಯಿ ಉಣಿಸುವುದು ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ. ಮರಿಗಳಿಗೆ ಮೂರು ನಾಲ್ಕು ವಾರವಾಗುವಷ್ಟರಲ್ಲಿ ತಾಯಿ ಅವುಗಳ ಕೂಗಿಗೆ ಕಿವಿಗೊಡುವುದಿಲ್ಲ, ಹತ್ತಿರ ಬಂದರೆ ಕುಕ್ಕುತ್ತದೆ, ಬೆನ್ನಿನ ಪುಕ್ಕವನ್ನೂ ಕಿತ್ತುಹಾಕುತ್ತದೆ. ಪಕ್ಕದ ಮನೆಯ ಹುಡುಗ ಅದನ್ನು ನೋಡಿ, “ಅಮ್ಮನೇ ಹೀಗೆ ಮಾಡಿದ್ರೆ ಹೇಗೆ ಮಾಮ? ಅದಕ್ಕೆ ಮರಿ ಮೇಲೆ ಸಿಟ್ಟಾ?” ಎಂದ. ಸಿಟ್ಟಲ್ಲ ಪುಟ್ಟಾ, ಅದಕ್ಕೆ ಮತ್ತೆ ಮೊಟ್ಟೆಯಿಡುವ ಆತುರ ಎಂದೆ. ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ ಇದು. ಅಲ್ಲಿ ಮಳೆ ಬಂದು ಹುಲ್ಲು ಕಾಳು ಕಟ್ಟಿದಾಗಲೇ ಮರದ ಪೊಟರೆಯಲ್ಲಿ ಸಂಸಾರ. ಆ ಸುಗ್ಗಿ ಮುಗಿಯುವ ಮುನ್ನ ಒಂದರ ಹಿಂದೆ ಒಂದು ಸೂಲು ಮುಗಿಸಿಕೊಳ್ಳಬೇಕು. 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಅವು ಊರೂರಿನ ಪಂಜರ ಸೇರಿದವು. ಮೈಯೊಳಗಿನ ಆ ಅವಸರ ಮಾತ್ರ ಹೋಗಿಲ್ಲ. ವರ್ಷವಿಡೀ ಕಾಳು ತುಂಬಿದ ಬಟ್ಟಲು, ಕಟ್ಟಿಯೇ ಇರುವ ಮಡಕೆ ಕಂಡರೆ ಅದಕ್ಕೆ ನಿತ್ಯವೂ ಸುಗ್ಗಿಯೇ. ಹೆಣ್ಣನ್ನು ಬೈಯುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಚಮಚಕ್ಕೆ ಹೋಗುತ್ತದೆ. ನಾನು ಮೊದಲು ಗಂಡಿನ ಕಡೆ ನೋಡುತ್ತೇನೆ. ಪುಕ್ಕ ಮೂಡಿದ ಮರಿಗಳನ್ನು ಒಂದು ಗಿಡ್ಡ ಪೆಟ್ಟಿಗೆಯಲ್ಲಿ ಮರದ ಹೊಟ್ಟು ಹಾಸಿ ಪಂಜರದ ನೆಲದಲ್ಲಿಟ್ಟು, ನಡುವೆ ತಂತಿ ಜಾಲರಿ ಹಾಕಿ ಹೆಣ್ಣನ್ನು ಆಚೆ ಮಾಡುತ್ತೇನೆ. ಮೊದಮೊದಲು ಅಪ್ಪ ಮೇಲಿನ ಕೋಲಿನ ಮೇಲೆಯೇ ಕೂತು ಕತ್ತು ಓರೆ ಮಾಡಿ ನೋಡುತ್ತದೆ. ಮರಿಗಳು ಕರಕರ ಎಂದು ಹಸಿವಿನ ರಾಗ ಎಳೆಯುತ್ತವೆ. ಅಪ್ಪ ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಕಾಳಿನ ಬಟ್ಟಲಿಗೆ ಹೋಗಿ ಒಂದೇ ಸಮನೆ ಸಿಪ್ಪೆ ಸುಲಿದು ನುಂಗತೊಡಗಿತೆಂದರೆ ನನ್ನ ಜೀವ ಹಗುರ! ಪೆಟ್ಟಿಗೆಯ ಅಂಚಿಗೆ ಬಂದು ತಲೆಯನ್ನು ಮೇಲೆ ಕೆಳಗೆ ಆಡಿಸಿ, ನುಂಗಿದ್ದನ್ನು ಬಾಯಿಗೆ ತಂದು, ಮರಿಯ ಕೊಕ್ಕನ್ನು ತನ್ನ ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದು ತುತ್ತು ಇಳಿಸುತ್ತದೆ. ಒಂದರ ಸರದಿ ಮುಗಿಯುವ ಮುಂಚೆಯೇ ಇನ್ನೊಂದು ನಡುವೆ ತಲೆ ತೂರಿಸುತ್ತದೆ. ಗೂಡು ಬಿಟ್ಟ ಮರಿಯ ಊಟದ ಹೊಣೆ ಹೇಗೂ ಗಂಡಿನದೇ. ಅದು ಕೆಲವು ದಿನ ಮುಂಚೆಯೇ ಶುರುವಾಯಿತು ಅಷ್ಟೆ.

ಬರೀ ಮೈಯ ಎಳೆಮರಿಯಾದರೆ ದಾರಿ ಬೇರೆ. ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಜೋಡಿಯ ಮಡಕೆಯಲ್ಲಿ ಮೆಲ್ಲನೆ ಸೇರಿಸುತ್ತೇನೆ; ಬಡ್ಜಿ ಹೆಣ್ಣುಗಳು ಸಾಮಾನ್ಯವಾಗಿ ಬೇರೆಯವರ ಮರಿಯನ್ನೂ ತಮ್ಮದೆಂದೇ ಸಾಕುತ್ತವೆ. ಅಂಥ ಜೋಡಿ ಇಲ್ಲದಾಗ ಮಾತ್ರ ಚಮಚ. ಆಗಲೂ ಶಾಖ ಮೊದಲು, ಊಟ ಆಮೇಲೆ. ತಣ್ಣಗಾದ ಮರಿಗೆ ಉಣಿಸಿದರೆ ಅರಗುವುದಿಲ್ಲ, ಕ್ರಾಪಿನಲ್ಲೇ ಹುಳಿಯುತ್ತದೆ. ಪೆಟ್ಟಿಗೆಗೆ ಬಲ್ಬಿನ ಕಾವು ಕೊಟ್ಟು, ಆಗಷ್ಟೇ ಹುಟ್ಟಿದ್ದಕ್ಕೆ ಸುಮಾರು 35 ಡಿಗ್ರಿ ಇರುವಂತೆ ನೋಡಿಕೊಳ್ಳಬೇಕು. ಆಮೇಲೆ ಮರಿಗಳಿಗೆಂದೇ ಸಿಗುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ 40 ಡಿಗ್ರಿಯ ಆಸುಪಾಸಿಗೆ ತರುವುದು. ಇಲ್ಲಿ ಕೈಯಂದಾಜು ನಡೆಯದು, ಥರ್ಮಾಮೀಟರ್ ಬೇಕೇ ಬೇಕು. ನಾಲ್ಕೈದು ಡಿಗ್ರಿ ಹೆಚ್ಚಾದರೂ ಕ್ರಾಪ್ ಒಳಗಿನಿಂದ ಸುಟ್ಟುಹೋಗಬಹುದು. ಹಿರಿಯರು ಹಾಲು ಹಾಕು ಎನ್ನುತ್ತಾರೆ; ಹಸುವಿನ ಹಾಲು ಹಕ್ಕಿಗೆ ಜೀರ್ಣವಾಗುವುದಿಲ್ಲ, ಕೊಡಲೇಬಾರದು.

ಅಂಚುಗಳನ್ನು ಒಳಕ್ಕೆ ಬಗ್ಗಿಸಿದ ಚಿಕ್ಕ ಚಮಚವನ್ನು ಮರಿಯ ಎಡಗಡೆಯಿಂದ ಕೊಕ್ಕಿಗೆ ತಾಗಿಸುತ್ತೇನೆ, ಅನ್ನನಾಳ ಅದರ ಬಲಗಡೆಗಿರುತ್ತದೆ. ಮರಿ ತಲೆಯನ್ನು ಪಂಪಿನಂತೆ ಕುಣಿಸುತ್ತ ತಾನೇ ಹೀರಿಕೊಳ್ಳಬೇಕು. ಅದು ಕುಣಿಸುವುದನ್ನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ, ಬಲವಂತವಾಗಿ ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಆ ಕುಣಿತದ ಸಣ್ಣ ಒತ್ತಡ ಬೆರಳ ತುದಿಗೆ ತಾಗುವ ಸುಖಕ್ಕಾಗಿ ಎರಡು ಗಂಟೆಗೊಮ್ಮೆ ಏಳುವುದೂ ಹೊರೆಯೆನಿಸುವುದಿಲ್ಲ. ಕೊನೆಯಲ್ಲಿ ಒದ್ದೆ ಹತ್ತಿಯಿಂದ ಕೊಕ್ಕು ಒರೆಸಲೇಬೇಕು, ಒಣಗಿ ಅಂಟಿಕೊಂಡ ಹಿಟ್ಟು ಕೊಕ್ಕನ್ನೇ ವಕ್ರ ಮಾಡುತ್ತದೆ. ಕ್ರಾಪ್ ಇಳಿಯದೆ ಹಾಗೇ ನಿಂತರೆ ಮನೆಮದ್ದು ಮಾಡುತ್ತ ಕೂರುವುದಿಲ್ಲ, ಹಕ್ಕಿ ನೋಡುವ ಪಶುವೈದ್ಯರ ಬಳಿ ಹೋಗುತ್ತೇನೆ.

ಐದನೆಯ ವಾರದ ಸುಮಾರಿಗೆ ನೆಲದ ಮೇಲೆ ನವಣೆ ತೆನೆ ಹರಡಿಡುತ್ತೇನೆ. ಮರಿಗಳು ಮೊದಲು ಅದನ್ನು ತುಳಿಯುತ್ತವೆ, ಎಳೆದಾಡುತ್ತವೆ, ಆಮೇಲೆ ಕಚ್ಚುತ್ತವೆ. ಕಚ್ಚಿದ ಮಾತ್ರಕ್ಕೆ ಉಂಡಂತಲ್ಲ. ನೆಲದಲ್ಲಿ ಖಾಲಿ ಸಿಪ್ಪೆ ಕಾಣಬೇಕು, ಸಂಜೆ ಕ್ರಾಪ್ ಮುಟ್ಟಿದರೆ ಕಾಳು ಕೈಗೆ ಸಿಗಬೇಕು. ಅಲ್ಲಿಯವರೆಗೆ ಅಪ್ಪನನ್ನು ಅವುಗಳಿಂದ ಬೇರೆ ಮಾಡುವುದಿಲ್ಲ. ತಾಯಿಯ ಕಡೆಯ ಮಡಕೆಯನ್ನಂತೂ ಮೊದಲೇ ಬಿಚ್ಚಿ, ತೊಳೆದು, ಬಿಸಿಲಿಗಿಟ್ಟಿರುತ್ತೇನೆ. ಮಡಕೆ ಇಲ್ಲದಿದ್ದರೆ ಮೊಟ್ಟೆಯ ಹಂಬಲ ತಾನಾಗಿ ತಗ್ಗುತ್ತದೆ. ಆ ಹೆಣ್ಣಿಗೂ ಈಗ ಸುಣ್ಣದಂಶದ ಕಟಲ್ ಬೋನ್ ಕೆರೆದು ತಿನ್ನಲು, ಸೊಪ್ಪು ತಿನ್ನಲು, ಅಗಲ ಪಂಜರದಲ್ಲಿ ಹಾರಲು ಕೆಲವು ತಿಂಗಳು ಬೇಕು. ಯಾರಾದರೂ ಬಂದು “ಈ ಜೋಡಿಯದು ಇನ್ನೊಂದು ಸೂಲು ಯಾವಾಗ?” ಎಂದು ಕೇಳಿದರೆ, ಬರುವ ವರ್ಷ ಎನ್ನುತ್ತೇನೆ.