ರುದ್ರಪಟ್ಟಣದಲ್ಲಿ ತಕಧಿಮಿ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದಲ್ಲಿದೆ ರುದ್ರಪಟ್ಟಣ. ಊರು ಚಿಕ್ಕದು, ಸಂಗೀತ ದೊಡ್ಡದು. 1920ರಲ್ಲಿ ಹುಟ್ಟಿದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ ಈ ಊರಿನವರು. ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ಕಟ್ಟಿಸಿದ ಮಂದಿರವೊಂದು ತಂಬೂರಿಯ ಆಕಾರದಲ್ಲೇ ಇದೆ. ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಮಂದಿರ ನೋಡಿ ಹೊಳೆಯ ಹತ್ತಿರ ಬಂದು ಕೂತೆವು. ಪುಟ್ಟಿ ತಟ್ಟನೆ ಕೇಳಿದಳು: "ತಾತ, ನಂಗೆ ಮೃದಂಗ ಯಾವಾಗ ಹೇಳಿಕೊಡ್ತೀಯ?"

ಭಜನೆ ಮನೆಯಲ್ಲಿ ಮೂವತ್ತು ವರ್ಷ ನುಡಿಸಿದ ಬೆರಳುಗಳು ಈಗ ಸೆಟೆದುಕೊಂಡಿವೆ. ಅಂಗಿಯ ಗುಂಡಿ ಹಾಕುವುದೇ ಕಷ್ಟ. ಮನೆಯಲ್ಲಿ ಮೃದಂಗ ಎರಡು ವರ್ಷದಿಂದ ಗವಸಿನೊಳಗೇ ಇದೆ. "ಕೈ ಬರೋಲ್ಲ ಮಗು" ಎಂದೆ.

"ಬಾಯಿ ಬರತ್ತಲ್ಲ?"

ಅದು ನಿಜ! ಮೃದಂಗದ ಪಾಠ ಶುರುವಾಗುವುದೇ ಬಾಯಲ್ಲಿ. ಪ್ರತಿ ಪೆಟ್ಟಿಗೂ ಒಂದು ಸೊಲ್ಲು; ಹಾಗೆ ಕಟ್ಟಿದ ಸೊಲ್ಲುಗಳೇ ಸೊಲ್ಲುಕಟ್ಟು. ಅದನ್ನೇ ಕಛೇರಿಯಲ್ಲಿ ಹೇಳಿದರೆ ಕೊನ್ನಕೋಲು.

ಮೊದಲು ಆದಿತಾಳ ಹಾಕಿಸಿದೆ. ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ. ಒಟ್ಟು 8 ಎಣಿಕೆ. ಎಣಿಕೆಗೊಂದು 'ತಕಧಿಮಿ' ಅಂದರೆ 32 ಅಕ್ಷರ. ಅದನ್ನು ಪುಟ್ಟಿ ನೀರು ಕುಡಿದಷ್ಟು ಸುಲಭವಾಗಿ ಹೇಳಿದಳು. (ಅವರಪ್ಪನಿಗೆ ಒಂದು ವಾರ ಹಿಡಿದಿತ್ತು!)

"ಈಗ 'ತಕಧಿಮಿ' ನಾಲ್ಕೇ ಸಲ. ಆಮೇಲೆ 'ತದಿಗಿಣತೊಂ' ಮೂರು ಸಲ. ಸರಿಯಾಗಿ ಮೊದಲ ತಟ್ಟಿಗೆ 'ತಾ' ಅಂತ ಬರಬೇಕು."

ಪ್ರತಿ ಸಲವೂ ಒಂದಕ್ಷರ ಮುಂಚೆಯೇ ಬಂದು ಬೀಳುತ್ತಿದ್ದಳು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೆ ಮರಳಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದಳು: ನಾಲ್ಕು ನಾಲ್ಕಲಿ 16, ಐದು ಮೂರಲಿ 15. "31 ಆಯ್ತು. ಇನ್ನೊಂದೆಲ್ಲಿ ತಾತ?"

"ನಾಲ್ಕನೇ 'ತಕಧಿಮಿ' ಆದಮೇಲೆ ಒಂದಕ್ಷರದಷ್ಟು ಹೊತ್ತು ಸುಮ್ಮನಿರು. ತಾಳ ಮಾತ್ರ ನಿಲ್ಲಿಸಬೇಡ."

ತುಟಿ ಬಿಗಿದು ಆ ಒಂದು ಅಕ್ಷರ ಕಾದಳು. 'ತಾ' ಸರಿಯಾಗಿ ತಟ್ಟಿನ ಮೇಲೆ ಬಿತ್ತು. ಆಚೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ, "ಇನ್ನೊಂದ್ಸಲ ಹೇಳು ಮರಿ" ಎಂದರು.

ಹಿಂತಿರುಗುವ ಬಸ್ಸಿನಲ್ಲಿ ನಾನೂ ದನಿಗೂಡಿಸಿದೆ. ಗುಂಡಿಯಲ್ಲಿ ಬಸ್ಸು ಎಗರಿತು.

"ತಾತ, ಸುಮ್ಮನಿರೋದನ್ನ ಮರೆತೆ. ಮೊದಲಿಂದ ಹೇಳು."