ಕೊನೆಯ ಕೆಲವು ಮೀಟರು

ಟಿ.ವಿ.ಯಲ್ಲಿ ಚಿತ್ರ ಚೌಕಚೌಕವಾಗಿ ಒಡೆದರೆ ಎಲ್ಲರೂ ಮೊದಲು ಟಿ.ವಿ.ಯನ್ನು ಬೈಯುತ್ತಾರೆ, ಆಮೇಲೆ ಸೆಟ್ ಟಾಪ್ ಬಾಕ್ಸನ್ನು. ಗೋಡೆಗುಂಟ ಇಳಿದು ಬರುವ ಕರಿಯ ಕೇಬಲಿನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ. ನನ್ನ ಕಣ್ಣು ಬೀಳುವುದೇ ಅಲ್ಲಿ. ಕಟಿಂಗ್ ಪ್ಲೇಯರು, ಒಂದಿಷ್ಟು ಹೊಸ ಕನೆಕ್ಟರು ಕೈಯಲ್ಲಿದ್ದರೆ ಭಾನುವಾರದ ಬೆಳಗು ಹೋದದ್ದೇ ತಿಳಿಯದು.

2000ದಲ್ಲಿ ಶುರುವಾದ ಈಟಿವಿ ಕನ್ನಡ ನಮ್ಮ ಹೈದರಾಬಾದಿನ ಹೊರವಲಯದ ರಾಮೋಜಿ ಫಿಲ್ಮ್ ಸಿಟಿಯ ಕೂಸಾಗಿತ್ತು. ಅಲ್ಲಿ ಸಿದ್ಧವಾದ ಕನ್ನಡ ಧಾರಾವಾಹಿ ಇದೇ ಊರಿನ ಕಾಚಿಗುಡದ ಕನ್ನಡಿಗರ ಮನೆ ಸೇರಬೇಕಾದರೆ ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಏರಿ ಇಳಿಯಬೇಕಿತ್ತು. ಇಂದಿಗೂ ಡಿಶ್ ಇರುವ ಮನೆಗೆ ಸಿಗ್ನಲ್ ಅಷ್ಟು ದೂರದಿಂದಲೇ ಬರುತ್ತದೆ. ಆಕಾಶ ದಾಟಿ ಬಂದದ್ದು ಮಾಳಿಗೆಯಿಂದ ಹಾಲಿಗೆ ಇಳಿಯುವ ಕೊನೆಯ ಕೆಲವು ಮೀಟರಿನಲ್ಲಿ ಎಡವುತ್ತದೆ. ಎಲ್ಲಿ ಎಡವಿತು ಎಂದು ಹುಡುಕುವುದೇ ನನ್ನ ಖುಷಿ.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಬೀದರ್ ಕಡೆಯ ಅಜ್ಜಿ ಕರೆದರು. ‘ಅರ್ಧ ಚಾನೆಲ್ ಚಂದ ಬರ್ತಾವ, ಅರ್ಧ ಬರೋದೇ ಇಲ್ಲ ನೋಡಪ್ಪ.’ ಈ ಒಂದು ಮಾತಿನಲ್ಲೇ ಅರ್ಧ ರೋಗಪತ್ತೆ ಆಗಿಹೋಯಿತು. ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುವುದು ಸಹಜ. ಮಳೆ ನಿಂತ ಮೇಲೆ ತಾನೇ ಬರುತ್ತದೆ. ಇಲ್ಲಿ ಬಿಸಿಲು ಬಂದರೂ ಅರ್ಧ ಚಾನೆಲ್ ಮಾತ್ರ ಕಾಣೆ. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಬಾಕ್ಸ್ ಇದೇ ಕೇಬಲಿನಲ್ಲಿ ಕರೆಂಟು ಕಳಿಸುತ್ತದೆ: ಒಂದು ಗುಂಪಿನ ಚಾನೆಲ್‌ಗಳಿಗೆ 13 ವೋಲ್ಟ್, ಇನ್ನೊಂದಕ್ಕೆ 18. ದಾರಿಯಲ್ಲಿ ಜಾಯಿಂಟು ತುಕ್ಕು ಹಿಡಿದಿದ್ದರೆ 18 ಸೊರಗುತ್ತದೆ; ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ. ಆ ಗುಂಪು ಪೂರ್ತಿ ಮಾಯ.

ಹೊಸ ಕೇಬಲೊಂದನ್ನು ಡಿಶ್‌ನಿಂದ ನೇರ ಬಾಕ್ಸಿಗೆ ಎಳೆದು ನೋಡಿದೆ. ಎಲ್ಲ ಚಾನೆಲ್‌ಗಳೂ ಬಂದವು. ಅಂದಮೇಲೆ ಡಿಶ್, ಬಾಕ್ಸ್ ಎರಡೂ ನಿರ್ದೋಷಿಗಳು. ಬಾಕ್ಸ್ ಆಫ್ ಮಾಡಿ, ಹಳೆಯ ಕೇಬಲಿನ ಜಾಯಿಂಟುಗಳನ್ನು ಒಂದೊಂದಾಗಿ ಬಿಚ್ಚುತ್ತ ಮೇಲೆ ಹೋದೆ. ನೀರಿನ ಟ್ಯಾಂಕಿನ ಬಳಿ ಸಿಕ್ಕಿತು. ಬೇಸಿಗೆಯ ಬಿಸಿಲಿಗೆ ಹೊದಿಕೆ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ನೀರು ಇಳಿದು, ತಾಮ್ರಕ್ಕೆ ಹಸಿರು ಕಿಲುಬು ಕಟ್ಟಿತ್ತು.

ಆಮೇಲಿನದು ನನಗೆ ಅಚ್ಚುಮೆಚ್ಚಿನ ಕೆಲಸ. ಕೆಟ್ಟ ತುದಿ ಕತ್ತರಿಸಿ, ಕರಿಯ ಹೊದಿಕೆ ಸುಲಿದು, ಜಾಲರಿಯ ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ, ಬಿಳಿಯ ತಿರುಳನ್ನು ಮಟ್ಟಸವಾಗಿ ಕೊಯ್ದು, ನಡುವಿನ ತಂತಿ ಕನೆಕ್ಟರಿನಿಂದ ತುಸುವೇ ಇಣುಕುವಂತೆ ಕೂರಿಸಬೇಕು. ಜಾಲರಿಯ ಒಂದೇ ಒಂದು ಎಳೆ ಆ ತಂತಿಗೆ ತಾಗಿದರೂ ಶಾರ್ಟ್ ಆಗುತ್ತದೆ. ಕೊನೆಗೆ ಕೇಬಲನ್ನು ಜಾಯಿಂಟಿಗಿಂತ ಕೆಳಗೆ ಒಂದು ಜೋಲಿಯಾಗಿ ಬಿಡಬೇಕು. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಈ ಕೆಲಸದಲ್ಲಿ ನಾನು ಪಾಲಿಸುವ ಧರ್ಮ ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಕೇಬಲು, ಕನೆಕ್ಟರು, ಸ್ಪ್ಲಿಟರು ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ಚಿತ್ರ ಬರಬಹುದು. ಯಾಕೆ ಹೋಗಿತ್ತೆಂಬುದು ಮಾತ್ರ ಗೊತ್ತಾಗುವುದಿಲ್ಲ. ಅಜ್ಜಿಗೆ ಚಿತ್ರ ಸಾಕು. ನನಗೆ ಕಾರಣವೂ ಬೇಕು.