ತುಂಬಿದ ಕೊಡ ಖಾಲಿ ಮಾಡಿಸಿದ್ದು

ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಸೇರಿ ಒಂದು ಸುಳ್ಳು ಪ್ರತಿಭಟನೆ ಮಾಡಿಸಿದೆವು. ಪತ್ರಿಕೋದ್ಯಮ ಓದಿ ಮುಗಿಸಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ನಮ್ಮ ನಮ್ಮಲ್ಲೇ ಬಹಳ ದಿನ ಮಾತಾಡಿಕೊಂಡೆವು. ಈಗ ಬರೆಯುತ್ತಿದ್ದೇವೆ.

ಊರಿನ ಹೆಸರು ಬೇಡ. ಬಯಲುಸೀಮೆಯ ಒಂದು ಹಳ್ಳಿ, ನಮ್ಮಲ್ಲೊಬ್ಬನ ಅಜ್ಜಿಯ ಊರು. ಅಲ್ಲಿ ಕೊಳವೆಬಾವಿ ನೀರೇ ಗತಿ. ಆ ನೀರಿನಲ್ಲಿ ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಕೀಲುನೋವು, ಕೆಲವರಿಗೆ ಬೆನ್ನು ಬಾಗಿ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಕುದಿಸಿದರೆ ಹೋಗುವಂಥದ್ದಲ್ಲ ಅದು. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇತ್ತು. ಅದು ಕೆಟ್ಟು ತಿಂಗಳುಗಳಾಗಿದ್ದವು. ರಿಪೇರಿ ಮಾಡಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಊರವರಿಗೆ ಸಾಕಾಗಿತ್ತು.

"ನೀವು ಅದೇ ಓದಿದೀರಲ್ಲ, ಟೀವೀಲಿ ಬರೋ ಹಂಗೆ ಮಾಡ್ರಪ್ಪ" ಎಂದರು ಅಜ್ಜಿ.

ನಮಗೆ ಗುರುತಿದ್ದ ಒಬ್ಬ ಸ್ಟ್ರಿಂಗರ್ ಅಣ್ಣನಿಗೆ ಫೋನ್ ಮಾಡಿದೆವು. ಸ್ಟ್ರಿಂಗರ್ ಎಂದರೆ ಚಾನಲ್ಲಿನ ಸಂಬಳದ ನೌಕರ ಅಲ್ಲ. ಕಳಿಸಿದ ಸುದ್ದಿಗಿಷ್ಟು ಎಂದು ದುಡ್ಡು. ಬೈಕು ಅವನದು, ಪೆಟ್ರೋಲು ಅವನದು. ಕಳಿಸಿದ್ದು ಟೀವಿಯಲ್ಲಿ ಓಡದಿದ್ದರೆ ಆ ದಿನದ ಪೆಟ್ರೋಲೂ ನಷ್ಟ. ಆದ್ದರಿಂದ ಅವನು ಹೇಳಿದ ಮಾತಿನ ಮೇಲೆ ನಮಗೆ ಇವತ್ತಿಗೂ ಸಿಟ್ಟಿಲ್ಲ.

"ನೀರು ಬರ್ತಾ ಇದೆಯಲ್ಲ ತಮ್ಮಾ. ಬರೋ ನೀರನ್ನ ಏನಂತ ಶೂಟ್ ಮಾಡ್ಲಿ? ಲೋಟಕ್ಕೆ ಹಾಕಿ ತೋರಿಸಿದ್ರೆ ಬಾಟ್ಲಿ ನೀರಿನ ಥರಾನೇ ಕಾಣ್ಸತ್ತೆ. ಹೆಂಗಸರು ಖಾಲಿ ಕೊಡ ಹಿಡ್ಕೊಂಡು ರಸ್ತೆಗೆ ಬರ್ತಾರೆ ಅಂದ್ರೆ ಹೇಳು, ಬರ್ತೀನಿ."

ಖಾಲಿ ಕೊಡದ ಪ್ರತಿಭಟನೆಯನ್ನು ನೀವೂ ನೂರು ಸಲ ನೋಡಿದ್ದೀರಿ. ನೀರಿನ ಸುದ್ದಿ ಎಂದರೆ ಟೀವಿಗೆ ಗೊತ್ತಿರುವುದು ಅದೊಂದೇ ಚಿತ್ರ. ನಾವು ಒಪ್ಪಿಕೊಂಡೆವು. ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಕೊಡಗಳೆಲ್ಲ ತುಂಬಿದ್ದವು. ನಾವೇ ಮನೆಮನೆಗೆ ಹೋಗಿ, ಅಕ್ಕಾ, ಒಂದೊಂದು ಕೊಡ ಖಾಲಿ ಮಾಡ್ಕೊಂಡು ಬನ್ನಿ ಎಂದೆವು. ಕೆಲವರು ಎಮ್ಮೆಯ ಬಾನಿಗೆ ಸುರಿದರು. ಅಜ್ಜಿ ಮಾತ್ರ ತಕರಾರು ತೆಗೆದರು: "ಬೆಳಗಾಗೆದ್ದು ತುಂಬಿದ ಕೊಡ ಬರಿದು ಮಾಡ್ತಾರೇನ್ರೋ? ಬರಿಗೊಡ ಎದುರಿಗೆ ಬಂದ್ರೆ ಹೊರಟವರೂ ಮನೆಗೆ ವಾಪಸ್ ಹೋಗ್ತಾರೆ." ಆಮೇಲೆ ಅವರೂ ಬಂದರು.

ಸ್ಟ್ರಿಂಗರ್ ಅಣ್ಣ ಬಂದ. ಧಿಕ್ಕಾರ ಕೂಗಿಸಿದೆವು. ಕೊಡಗಳನ್ನು ಒಂದಕ್ಕೊಂದು ಬಡಿಯಿರಿ ಎಂದು ಹೇಳಿಕೊಟ್ಟವರೂ ನಾವೇ. ಮಧ್ಯಾಹ್ನದ ಬುಲೆಟಿನ್‌ನಲ್ಲಿ ಅರ್ಧ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಬಂತು. ಕೆಳಗಡೆ ಪಟ್ಟಿಯಲ್ಲಿ 'ಹನಿ ನೀರಿಗೂ ಹಾಹಾಕಾರ' ಎಂದಿತ್ತು. ಫ್ಲೋರೈಡ್ ಎಂಬ ಪದ ಒಂದು ಸಲವೂ ಇರಲಿಲ್ಲ. ನಮ್ಮಲ್ಲೊಬ್ಬ ಕ್ಯಾಮೆರಾ ಮುಂದೆ ಆ ಪದ ಹೇಳಿದ್ದ. ಅದು ಕತ್ತರಿಗೆ ಹೋಗಿತ್ತು.

ಮುಂದೆ ಆದದ್ದು ಇಷ್ಟು. ಎರಡು ದಿನಕ್ಕೆ ಟ್ಯಾಂಕರ್ ಬಂತು. ಕೆಲವು ವಾರದಲ್ಲಿ ಬೋರ್‌ವೆಲ್ ಲಾರಿಯೂ ಬಂತು. ಹಳೆಯದಕ್ಕಿಂತ ಆಳಕ್ಕೆ ಕೊರೆದರು. ನೀರಿಲ್ಲ ಎಂದು ಟೀವಿಯಲ್ಲಿ ಬಂದಿತ್ತಲ್ಲ, ನೀರು ಕೊಟ್ಟರು! ನಮ್ಮ ಕಡೆಯ ಕಲ್ಲುನೆಲದಲ್ಲಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚುವುದುಂಟು. ಕೆಟ್ಟ ಘಟಕಕ್ಕೆ ಹಾಕಿದ್ದ ಬೀಗ ಹಾಗೇ ಇತ್ತು.

ಅದಾದ ಮೇಲೆ ನಮ್ಮಲ್ಲೊಬ್ಬಳಿಗೆ ಬೆಂಗಳೂರಿನ ಒಂದು ಚಾನಲ್‌ನ ಅಸೈನ್‌ಮೆಂಟ್ ಡೆಸ್ಕ್‌ನಲ್ಲಿ ಕೆಲಸ ಸಿಕ್ಕಿತು. ಜಿಲ್ಲೆಗಳಿಂದ ಬರುವ ಸುದ್ದಿಯಲ್ಲಿ ಯಾವುದು ಒಳಕ್ಕೆ, ಯಾವುದು ಹೊರಕ್ಕೆ ಎಂದು ಆರಿಸುವ ಜಾಗ ಅದು. ಅವಳು ರಜೆಗೆ ಬಂದಾಗ ರಾತ್ರಿಯೆಲ್ಲ ಅದೇ ಕಥೆ. ಅಲ್ಲಿ ಮೊದಲ ಪ್ರಶ್ನೆ 'ಏನಾಯ್ತು' ಅಲ್ಲವಂತೆ, 'ವಿಷುವಲ್ಸ್ ಇದೆಯಾ' ಅಂತೆ. ಎರಡನೆಯದು, 'ಬೇರೆಯವರು ಓಡಿಸ್ತಿದಾರಾ?' ಗೋಡೆಯ ಮೇಲೆ ಎಲ್ಲ ಚಾನಲ್‌ಗಳೂ ಒಟ್ಟಿಗೆ ಓಡುತ್ತಿರುತ್ತವೆ. ಒಂದರಲ್ಲಿ ಬಂದದ್ದು ಹತ್ತು ನಿಮಿಷದಲ್ಲಿ ಎಲ್ಲದರಲ್ಲೂ ಬರುತ್ತದೆ. ಯಾರಲ್ಲೂ ಬಾರದ ಸುದ್ದಿಯನ್ನು ತಾನೊಬ್ಬನೇ ಹಾಕಲು ಶಿಫ್ಟಿನವನಿಗೆ ಧೈರ್ಯ ಬೇಕು. ರಾಜಕಾರಣಿಯ ಮನೆಯ ಗೇಟಿನ ಮುಂದೆ ಕ್ಯಾಮೆರಾ ಬೆಳಗಿನಿಂದಲೇ ನಿಂತಿರುತ್ತದೆ, ಅಲ್ಲಿಂದ ನೇರಪ್ರಸಾರಕ್ಕೆ ಹೊಸದಾಗಿ ಖರ್ಚಿಲ್ಲ. ನಮ್ಮೂರಿಗೆ ಓಬಿ ವ್ಯಾನ್ ಬರಬೇಕೆಂದರೆ ಒಂದು ದಿನ ಬೇಕು. ಡೆಸ್ಕಿನಲ್ಲಿ ಕೂತವರೇನೂ ಕೆಟ್ಟವರಲ್ಲ, ಅರ್ಧಕ್ಕರ್ಧ ನಮ್ಮಂಥ ಹಳ್ಳಿಯ ಮಕ್ಕಳೇ ಎಂದಳು.

ಇನ್ನೊಂದು ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ: ಇದನ್ನು ಯಾರು ನೋಡುತ್ತಾರೆ? ಅದರ ಉತ್ತರ ಗುರುವಾರ ಗುರುವಾರ ಟಿಆರ್‌ಪಿ ರೂಪದಲ್ಲಿ ಬರುತ್ತದೆ. ದೇಶದಲ್ಲಿ ಟೀವಿ ಇರುವ ಮನೆಗಳು 2020ರ ಅಂದಾಜಿನಂತೆ 21 ಕೋಟಿ. ಯಾರು ಏನು ನೋಡಿದರು ಎಂದು ಅಳೆಯುವ ಮೀಟರ್ ಆಗ ಇದ್ದದ್ದು 50 ಸಾವಿರದ ಆಸುಪಾಸು ಮನೆಗಳಲ್ಲಿ. ಹಳ್ಳಿಯ ಮನೆಗಳು ಈ ಲೆಕ್ಕಕ್ಕೆ ಸೇರಿದ್ದೇ 2015ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನೀವು ಇಡೀ ದಿನ ಟೀವಿ ಮುಂದೆ ಕೂತರೂ ಲೆಕ್ಕದಲ್ಲಿ ನೀವು ನೋಡಿರಲಿಲ್ಲ. ಆ ಮೀಟರ್ ಮನೆಗಳಿಗೇ ದುಡ್ಡು ಕೊಟ್ಟು ಚಾನಲ್ ಹಾಕಿಸಿದರೆಂಬ ಆರೋಪ 2020ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಎದ್ದಿತು. ಸುದ್ದಿ ಚಾನಲ್‌ಗಳ ರೇಟಿಂಗ್ ಪ್ರಕಟಿಸುವುದನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ.

ಕ್ಲಾಸಿನಲ್ಲಿ ನಮಗೆ ಗಾಲ್ಟುಂಗ್ ಮತ್ತು ರೂಗೆ ಎಂಬ ನಾರ್ವೆ ದೇಶದ ಇಬ್ಬರು 1965ರಲ್ಲಿ ಬರೆದ ಲೇಖನವನ್ನು ಪಾಠ ಮಾಡಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆವು. ಅದರಲ್ಲೊಂದು ಮಾತಿದೆ. ಸುದ್ದಿ ಕೊಡುವವರ ವೇಗಕ್ಕೆ ಹೊಂದುವ ಘಟನೆ ಮಾತ್ರ ಸುದ್ದಿಯಾಗುತ್ತದೆ. ಕೊಲೆ ನಿಮಿಷದಲ್ಲಿ ಮುಗಿಯುತ್ತದೆ, ಅದು ಸುದ್ದಿ. ಅಣೆಕಟ್ಟೆ ವರ್ಷಗಟ್ಟಲೆ ಕಟ್ಟುತ್ತಿದ್ದರೂ ಯಾರಿಗೂ ಕಾಣುವುದಿಲ್ಲ, ಉದ್ಘಾಟನೆಯ ದಿನ ಮಾತ್ರ ಕಾಣುತ್ತದೆ. ಫ್ಲೋರೈಡ್ ಒಂದು ಮಗುವಿನ ಮೂಳೆಗೆ ಇಳಿಯಲು ಎಷ್ಟು ವರ್ಷ ಬೇಕು! ಅದಕ್ಕೆ ಉದ್ಘಾಟನೆಯ ದಿನ ಎಂಬುದು ಇಲ್ಲವೇ ಇಲ್ಲ.

ನರಗುಂದದವರನ್ನು ನೆನೆಸಿಕೊಳ್ಳಿ. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ರೈತರು ಅಲ್ಲಿ ಧರಣಿ ಕೂತರು. ದಿನಾ ಕೂತರು, ವರ್ಷ ದಾಟಿತು. ಹಾಸ್ಟೆಲ್ ಟೀವಿಯಲ್ಲಿ ನಾವು ಅವರನ್ನು ಕಂಡದ್ದು ಆಗೊಮ್ಮೆ ಈಗೊಮ್ಮೆ. 2016ರ ಜುಲೈ ಕೊನೆಯಲ್ಲಿ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಅರ್ಜಿ ತಳ್ಳಿಹಾಕಿದಾಗ ನವಲಗುಂದದಲ್ಲಿ ಬೆಂಕಿ ಬಿತ್ತು, ಯಮನೂರಿನಲ್ಲಿ ಪೊಲೀಸರು ಮನೆ ಹೊಕ್ಕು ಲಾಠಿ ಬೀಸಿದರು. ಆಗ ಎಲ್ಲ ಚಾನಲ್‌ಗಳಲ್ಲೂ ಅದೇ. 2017ರ ಡಿಸೆಂಬರ್‌ನಲ್ಲಿ ಅವರು ಬುತ್ತಿ ಕಟ್ಟಿಕೊಂಡು ಬೆಂಗಳೂರಿಗೇ ಬಂದು ಮಲ್ಲೇಶ್ವರದಲ್ಲಿ ಒಂದು ಪಕ್ಷದ ಕಚೇರಿ ಮುಂದೆ ಕೂತರು. ಕ್ಯಾಮೆರಾಗಳು ನಡೆದೇ ಹೋಗುವಷ್ಟು ಹತ್ತಿರ. ಧರಣಿ ಅದೇ, ರೈತರು ಅವರೇ, ಕೂತ ಜಾಗ ಮಾತ್ರ ಬದಲಾಗಿತ್ತು.

ಅವರು ಸುಳ್ಳು ಹೇಳಲಿಲ್ಲ. ನಾವು ಹೇಳಿದೆವು, ಅದೇ ವ್ಯತ್ಯಾಸ. ಟೀವಿಗೆ ಬೇಕಾದ ಅಳತೆಗೆ ಊರಿನ ಕಷ್ಟವನ್ನು ಕತ್ತರಿಸಿ ಕೊಟ್ಟವರು ನಾವೇ. ಡೆಸ್ಕಿನವರು ಕತ್ತರಿಸುವುದಕ್ಕೆ ಮೊದಲೇ ನಾವು ಕತ್ತರಿಸಿದ್ದೆವು.

ಮೊನ್ನೆ ಹಬ್ಬಕ್ಕೆ ಮತ್ತೆ ಆ ಊರಿಗೆ ಹೋಗಿದ್ದೆವು. ಹೊಸ ಬೋರಿನ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಟ್ಟಿದ್ದ ವರದಿ ಕೈಯಲ್ಲಿತ್ತು. 1.5ರ ಗೆರೆ ದಾಟಿದೆ. ಅದರ ಫೋಟೋ ಸ್ಟ್ರಿಂಗರ್ ಅಣ್ಣನಿಗೆ ಕಳಿಸಿದೆವು. "ಪೇಪರ್ ತೋರಿಸಿದ್ರೆ ಯಾರು ನೋಡ್ತಾರೆ ತಮ್ಮಾ" ಎಂದು ವಾಯ್ಸ್ ಮೆಸೇಜ್ ಬಂತು. ಈ ಸಲ ನಾವು ಆ ವರದಿ ಇಟ್ಟುಕೊಂಡು ಹಲ್ಲು ಕಂದಾದ ಮಕ್ಕಳ ಲೆಕ್ಕ ಬರೆದುಕೊಳ್ಳಲು ಮನೆಮನೆಗೆ ಹೊರಟೆವು. ಮೊದಲನೆಯ ಮನೆ ಅಜ್ಜಿಯದೇ. ಜಗಲಿ ಮೇಲೆ ಕೂತಿದ್ದವರು ನಮ್ಮನ್ನು ಕಂಡು ಮೊಣಕಾಲು ಹಿಡಿದುಕೊಂಡು ಎದ್ದರು.

"ಬಂದ್ರಾ? ಈ ಸಲ ಕೊಡ ತುಂಬ್ಸಿ ಇಡಬೇಕೋ, ಖಾಲಿ ಮಾಡಬೇಕೋ, ಮೊದ್ಲೇ ಹೇಳ್ಬಿಡ್ರಪ್ಪ."